ಹಳೆ ಬಿಲ್ಡಿಂಗಿನ ಫ್ಲ್ಯಾಟ್: ಎಷ್ಟಕ್ಕೆ ಕೇಳಬೇಕು?

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ಊರಿನಲ್ಲಿ ಹಿರಿಯರು ಹೇಳುತ್ತಿದ್ದರು. ಮುಂಬಯಿ ಕನ್ನಡಿಗರಿಗೆ ಮನೆ ಕಟ್ಟುವ ಪ್ರಮೇಯವೇ ಬರುವುದಿಲ್ಲ. ಬೇರೆಯವರು ಕಟ್ಟಿದ್ದನ್ನು, ಎಷ್ಟೋ ಸಲ ಬೇರೆಯವರು ಇಪ್ಪತ್ತೈದು ಮೂವತ್ತು ವರ್ಷ ಬಾಳಿ ಬಿಟ್ಟದ್ದನ್ನು ಕೊಳ್ಳುವುದೇ ಇಲ್ಲಿನ ರೂಢಿ. ಹೊಟೇಲು, ಕ್ಯಾಂಟೀನು, ಬ್ಯಾಂಕು, ಕಾರ್ಖಾನೆಗಳಲ್ಲಿ ದುಡಿದು, ಹನ್ನೊಂದು ತಿಂಗಳಿಗೊಮ್ಮೆ ಎಗ್ರಿಮೆಂಟ್ ಬದಲಿಸುವ ಬಾಡಿಗೆ ಮನೆಗಳಲ್ಲಿ ಮಕ್ಕಳನ್ನು ಬೆಳೆಸಿದವರು, ಹೊಸ ಟವರಿನ ಬೆಲೆ ಕೇಳಿ ಹಿಂದೆ ಸರಿದು, ಡೊಂಬಿವಲಿ, ಭಾಯಂದರ್, ವಸಾಯಿ, ಭಾಂಡುಪ್ ಪರಿಸರದ ಹಳೆಯ ನಾಲ್ಕು ಮಾಳಿಗೆಯ ಕಟ್ಟಡಗಳತ್ತ ಮುಖ ಮಾಡುತ್ತಾರೆ. ಲಿಫ್ಟ್ ಇಲ್ಲ, ಗೋಡೆಯಲ್ಲಿ ತೇವ ಇದೆ, ಪಾರ್ಕಿಂಗ್ ಇಲ್ಲ. ಆದರೆ ಸ್ಟೇಷನ್ನು ನಡೆದು ಹೋಗುವಷ್ಟು ಹತ್ತಿರ, ಕಾರ್ಪೆಟ್ ಏರಿಯಾ ಹೊಸ ಮನೆಗಿಂತ ದೊಡ್ಡದು, ಪಕ್ಕದಲ್ಲಿ ನಮ್ಮವರಿದ್ದಾರೆ.

ಮನೆ ಮನಸ್ಸಿಗೆ ಬಂದ ಮೇಲೆ ಎದುರಾಗುವ ಪ್ರಶ್ನೆ ಒಂದೇ. ಮಾಲಕ 46 ಲಕ್ಷ ಎಂದಿದ್ದಾನೆ, ನಾವು ಎಷ್ಟು ಹೇಳಬೇಕು? ಬ್ರೋಕರ್ ಆಗಲೇ "ಕಲ್ ದೂಸರಾ ಪಾರ್ಟಿ ಟೋಕನ್ ದೇ ರಹಾ ಹೈ" ಎಂದು ಅವಸರ ಹಚ್ಚಿರುತ್ತಾನೆ. ಆ ಇನ್ನೊಂದು ಪಾರ್ಟಿಯನ್ನು ಕಣ್ಣಾರೆ ಕಂಡವರು ವಿರಳ. ಆದರೂ ಅವನ ಭಯದಿಂದಲೇ ಎಷ್ಟೋ ಕುಟುಂಬಗಳು ಪಿಎಫ್ ಹಣ, ಊರಿನ ಜಾಗ ಮಾರಿದ ಪಾಲು, ಹೆಂಡತಿಯ ಬಂಗಾರ ಎಲ್ಲವನ್ನೂ ಒಂದೇ ಸಂಜೆಯ ಮಾತುಕತೆಗೆ ಒಪ್ಪಿಸಿಬಿಡುತ್ತವೆ. ಸಾಮಾನ್ಯವಾಗಿ ಜನ ಮಾಡುವುದೇನೆಂದರೆ, ಮಾಲಕ ಹೇಳಿದ್ದರಿಂದ ಎರಡು ಮೂರು ಲಕ್ಷ ಕಡಿಮೆ ಕೇಳಿ, ಮಧ್ಯದಲ್ಲೆಲ್ಲೋ ಒಪ್ಪಂದಕ್ಕೆ ಬಂದು ಗೆದ್ದೆವೆಂದು ಭಾವಿಸುವುದು. ಮಾಲಕನ ಅಂಕಿಯಿಂದ ಲೆಕ್ಕ ಶುರು ಮಾಡಿದರೆ ಅದು ಅವನ ಲೆಕ್ಕವೇ ಆಗುತ್ತದೆ. ಖರೀದಿದಾರನ ಲೆಕ್ಕ ಬೇರೆ ಕಡೆಯಿಂದ ಹೊರಡಬೇಕು.

ಎಲ್ಲಿಂದ ಎಂದರೆ, ಅದೇ ಕಟ್ಟಡದಲ್ಲಿ ಅಥವಾ ಅದೇ ರಸ್ತೆಯಲ್ಲಿ ಇತ್ತೀಚೆಗೆ ನಿಜವಾಗಿ ಮಾರಾಟವಾದ ಬೆಲೆಯಿಂದ. ಜಾಹೀರಾತಿನಲ್ಲಿ ಬರುವುದು ಕೇಳುವ ಬೆಲೆ. ಕೊಟ್ಟ ಬೆಲೆ ದಾಖಲಾಗುವುದು ನೋಂದಣಿ ಕಚೇರಿಯ ಇಂಡೆಕ್ಸ್-ಟು ಪತ್ರದಲ್ಲಿ. ಮಹಾರಾಷ್ಟ್ರ ಸರಕಾರದ ನೋಂದಣಿ ಇಲಾಖೆ ತನ್ನ ಜಾಲತಾಣದಲ್ಲಿ ಇ-ಸರ್ಚ್ ಸೌಲಭ್ಯ ಒದಗಿಸಿದೆ. ಎರಡು ಮೂರು ದಾಖಲೆ ಸಿಕ್ಕಿದರೆ ಬ್ರೋಕರನ ಅರ್ಧ ಮಾತಿಗೆ ಉತ್ತರ ಸಿಕ್ಕಂತೆ. ಹೋಲಿಸುವಾಗ ಕಾರ್ಪೆಟ್ ಏರಿಯಾವನ್ನೇ ಹೋಲಿಸಬೇಕು. ಹಳೆ ಫ್ಲ್ಯಾಟುಗಳ ಮಾತುಕತೆಯಲ್ಲಿ ಇಂದಿಗೂ ಸೂಪರ್ ಬಿಲ್ಟ್-ಅಪ್ ಅಳತೆ ತೇಲುತ್ತಿರುತ್ತದೆ, ಆರುನೂರು ಚದರಡಿ ಎಂದದ್ದು ಟೇಪು ಹಿಡಿದರೆ ನಾನೂರಕ್ಕೆ ಇಳಿಯುತ್ತದೆ. ಟೇಪು ಹಿಡಿದು ಅಳೆಯಲು ನಾಚಿಕೆ ಬೇಡ. ಮದುವೆ ಸೀರೆಯನ್ನೂ ಅಳೆದೇ ಕೊಳ್ಳುತ್ತೇವೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಂಕಿಗಳೆಲ್ಲ ಲೆಕ್ಕ ತೋರಿಸಲು ಮಾತ್ರ. ಡೊಂಬಿವಲಿಯಲ್ಲಿ 32 ವರ್ಷ ಹಳೆಯ ಕಟ್ಟಡ, ಮೂರನೇ ಮಾಳಿಗೆ, ಲಿಫ್ಟ್ ಇಲ್ಲ, 400 ಚದರಡಿ ಕಾರ್ಪೆಟ್. ಮಾಲಕ ಕೇಳುವುದು 46 ಲಕ್ಷ. ಅದೇ ಸೊಸೈಟಿಯಲ್ಲಿ ಅದೇ ಅಳತೆಯ, ಮೂರನೇ ಮಾಳಿಗೆಯದೇ ಇನ್ನೊಂದು ಫ್ಲ್ಯಾಟು ಕಳೆದ ವರ್ಷ 41 ಲಕ್ಷಕ್ಕೆ ನೋಂದಣಿಯಾಗಿದೆ. ಆ ಮನೆಯ ವಯರಿಂಗ್, ಬಾತ್‌ರೂಮು ಹೊಸದಾಗಿದ್ದವು ಎಂದು ಸೆಕ್ರೆಟರಿ ಹೇಳುತ್ತಾರೆ. ಹಾಗಾದರೆ ಲೆಕ್ಕ 41ರಿಂದ ಹೊರಡುತ್ತದೆ.

ಇನ್ನು ಕೊರತೆಗಳ ಕಡಿತ. ಇಲ್ಲಿ ಹಲವರು ಎಡವುತ್ತಾರೆ. ಕಟ್ಟಡ ಹಳೆಯದು, ಲಿಫ್ಟ್ ಇಲ್ಲ, ಪಾರ್ಕಿಂಗ್ ಇಲ್ಲ ಎಂದು ಒಂದೊಂದಕ್ಕೂ ಲಕ್ಷ ಕಳೆಯುತ್ತ ಹೋಗುತ್ತಾರೆ. ಆದರೆ 41 ಲಕ್ಷ ಕೊಟ್ಟವನಿಗೂ ಲಿಫ್ಟ್ ಇರಲಿಲ್ಲ, ಆ ಕೊರತೆ ಆ ಬೆಲೆಯಲ್ಲೇ ಕಳೆದುಹೋಗಿದೆ. ಅದನ್ನು ಮತ್ತೊಮ್ಮೆ ಕಳೆದರೆ ಮಾಲಕ ನಗುತ್ತಾನೆ, ನ್ಯಾಯವಾದ ಉಳಿದ ಕಡಿತಗಳೂ ಅವನ ಕಣ್ಣಿಗೆ ಹಗುರವಾಗುತ್ತವೆ. ಕಳೆಯಬೇಕಾದದ್ದು ಈ ಮನೆಗೆ ಮಾತ್ರ ಇರುವ ಕೊರತೆಯನ್ನು ಮತ್ತು ಆ ಮಾರಾಟದ ನಂತರ ಹುಟ್ಟಿದ ಹೊರೆಯನ್ನು. ನಮ್ಮ ಉದಾಹರಣೆಯಲ್ಲಿ ವಯರಿಂಗ್, ಪೈಪು, ಬಾತ್‌ರೂಮಿನ ವಾಟರ್‌ಪ್ರೂಫಿಂಗ್ ಸೇರಿ ಕಂಟ್ರಾಕ್ಟರ್ ಬರೆದುಕೊಟ್ಟ ಅಂದಾಜು 3 ಲಕ್ಷ. ಈ ವರ್ಷದ ಮಹಾಸಭೆಯಲ್ಲಿ ದೊಡ್ಡ ರಿಪೇರಿಗಾಗಿ ಪ್ರತಿ ಸದಸ್ಯನಿಗೆ 2 ಲಕ್ಷ ವಂತಿಗೆ ನಿಗದಿಯಾಗಿದೆ, ಇನ್ನೂ ಕಟ್ಟಿಲ್ಲ. ಎರಡೂ ಕಳೆದರೆ 36 ಲಕ್ಷ. ಅದು ಆ ಮನೆಯ ಬೆಲೆ.

ಸೋರಿಕೆಯ ವಿಷಯ ಸ್ವಲ್ಪ ವಿವರವಾಗಿ ನೋಡಬೇಕು. ಮಾರುವವನು ದಸರಾ ಹೊತ್ತಿಗೆ ಪೈಂಟ್ ಹೊಡೆಸಿ ಮನೆ ತೋರಿಸುತ್ತಾನೆ. ಸಾಧ್ಯವಾದರೆ ಜುಲೈ ತಿಂಗಳ ಜಡಿಮಳೆಯಲ್ಲಿ ಒಮ್ಮೆ ಹೋಗಿ ನೋಡಬೇಕು. ಆಗದಿದ್ದರೆ ಕೆಳಗಿನ ಮನೆಯವರನ್ನು, ವಾಚ್‌ಮನ್‌ನನ್ನು ಕೇಳಬೇಕು. ಸೊಸೈಟಿಗಳ ಮಾದರಿ ಉಪನಿಯಮದ ಪ್ರಕಾರ ಟೆರೇಸಿನಿಂದ ಬರುವ ಮಳೆನೀರಿನ ಸೋರಿಕೆ ಸೊಸೈಟಿಯ ಜವಾಬ್ದಾರಿ. ಮೇಲಿನ ಮನೆಯ ಬಾತ್‌ರೂಮಿನಿಂದ ಸೋರಿದರೆ ಅದು ಆ ಸದಸ್ಯನ ಹೊಣೆ. ಕಾಗದದ ಮೇಲೆ ಇದು ಸ್ಪಷ್ಟವಿದ್ದರೂ, ಮೇಲಿನ ಮನೆಯವನು ಬಾಗಿಲು ತೆರೆಯದಿದ್ದರೆ ವರ್ಷಗಟ್ಟಲೆ ಪತ್ರವ್ಯವಹಾರ ನಡೆಯುತ್ತದೆ. ಆದ್ದರಿಂದ ಮೇಲಿನ ಮನೆಯವರ ಸ್ವಭಾವ ಕೂಡ ಬೆಲೆಯ ಒಂದು ಭಾಗವೇ.

ದುಡ್ಡಿನಿಂದ ಸರಿಪಡಿಸಲಾಗದ ಕೊರತೆಗಳೂ ಇವೆ. ಮೂರು ಮಾಳಿಗೆ ಹತ್ತುವುದು ನಲವತ್ತರ ಪ್ರಾಯದಲ್ಲಿ ಲೆಕ್ಕಕ್ಕಿಲ್ಲ, ಅರುವತ್ತರಲ್ಲಿ ಮಂಡಿ ಕೇಳುವುದಿಲ್ಲ. ಊರಿನಿಂದ ತಂದೆ ತಾಯಿ ಬಂದರೆ ದೇವಸ್ಥಾನಕ್ಕೂ ಇಳಿಯಲಾರದೆ ಕಿಟಕಿಯಲ್ಲೇ ಕುಳಿತಿರುತ್ತಾರೆ. ಇದಕ್ಕೆ ಮಾರುಕಟ್ಟೆ ಕೊಡುವ ರಿಯಾಯಿತಿ ಸಾಕೇ ಎಂಬುದನ್ನು ಮನೆಯ ಹೆಂಗಸರನ್ನು ಕೇಳಿ ತೀರ್ಮಾನಿಸಬೇಕು. ತರಕಾರಿ ಚೀಲ ಹೊತ್ತು ದಿನಕ್ಕೆರಡು ಬಾರಿ ಹತ್ತುವವರು ಅವರೇ ತಾನೆ. ಸಾಲದು ಎನಿಸಿದರೆ ಬೆಲೆ ಇಳಿಸುವುದಲ್ಲ, ಬೇರೆ ಮನೆ ನೋಡುವುದು.

ಕಾಗದಪತ್ರದ ಕೊರತೆಗೂ ಹಾಗೆಯೇ, ಎಷ್ಟು ಅಗ್ಗವಾದರೂ ಬೆಲೆ ಕಟ್ಟಬಾರದು. ವರ್ಲಿಯ ಕ್ಯಾಂಪಾ ಕೋಲಾ ಕಾಂಪೌಂಡಿನಲ್ಲಿ 1980ರ ದಶಕದಲ್ಲಿ ಪರವಾನಗಿ ಮೀರಿ ಎದ್ದ ಮಾಳಿಗೆಗಳು ಅನಧಿಕೃತವೆಂದು 2013ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಾಗ ಮೂರು ದಶಕ ಬಾಳಿದವರು ಮನೆ ಬಿಡಬೇಕಾಯಿತು. 2024ರಲ್ಲಿ ಕಲ್ಯಾಣ್-ಡೊಂಬಿವಲಿಯ 65 ಅಕ್ರಮ ಕಟ್ಟಡಗಳ ವಿಷಯ ಬಾಂಬೆ ಹೈಕೋರ್ಟಿನಲ್ಲಿ ಬಂದದ್ದು ನಮ್ಮವರಿಗೆಲ್ಲ ಗೊತ್ತಿದೆ. ಒಸಿ, ಶೇರ್ ಸರ್ಟಿಫಿಕೇಟ್, ಮೊದಲ ಮಾಲಕನಿಂದ ಇಂದಿನವರೆಗಿನ ಎಲ್ಲ ಎಗ್ರಿಮೆಂಟುಗಳ ಸರಣಿ, ಸೊಸೈಟಿಯ ಬಾಕಿ ಇಲ್ಲದ ಪತ್ರ ಇವನ್ನು ವಕೀಲರಿಗೆ ತೋರಿಸದೆ ಮಾತು ಮುಂದುವರಿಸಬಾರದು. ನಮ್ಮ ಪ್ರತಿಯೊಂದು ಸಂಘದಲ್ಲೂ ಒಬ್ಬ ವಕೀಲರು, ಒಬ್ಬ ಸಿವಿಲ್ ಇಂಜಿನಿಯರರು ಇದ್ದೇ ಇರುತ್ತಾರೆ. ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸುವುದಕ್ಕಷ್ಟೇ ಅವರನ್ನು ನೆನಪಿಸಿಕೊಳ್ಳುವುದೇಕೆ?

ಕಟ್ಟಡದ ದೃಢತೆಗೆ ಸ್ಟ್ರಕ್ಚರಲ್ ಆಡಿಟ್ ವರದಿ ಕೇಳಬೇಕು. ಉಪನಿಯಮದ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ಆಡಿಟ್ ಆಗಬೇಕು. ನೆಲಮಾಳಿಗೆಯ ಅಂಗಡಿಗಳನ್ನೂ ಕಣ್ಣಾಡಿಸಬೇಕು. 2017ರ ಜುಲೈಯಲ್ಲಿ ಘಾಟ್ಕೋಪರ್‌ನ ಸಾಯಿ ಸಿದ್ಧಿ ಕಟ್ಟಡ ಕುಸಿದು 17 ಮಂದಿ ಮೃತಪಟ್ಟಾಗ, ನೆಲಮಾಳಿಗೆಯಲ್ಲಿ ನಡೆಯುತ್ತಿದ್ದ ಒಳಾಂಗಣ ಕಾಮಗಾರಿಯ ಮೇಲೆಯೇ ಎಲ್ಲರ ಬೆರಳು ಹೋಗಿತ್ತು. ಮಳೆಗಾಲಕ್ಕೆ ಮೊದಲು ನಗರಪಾಲಿಕೆಗಳು ಪ್ರಕಟಿಸುವ ಅಪಾಯಕಾರಿ ಕಟ್ಟಡಗಳ ಪಟ್ಟಿಯಲ್ಲಿ ಹೆಸರಿದ್ದರೆ ಬೆಲೆಯ ಮಾತೇ ಬೇಡ.

ಇಷ್ಟಾದರೂ ಮಾಲಕ 46 ಏಕೆ ಕೇಳುತ್ತಾನೆ? "ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಗ್ತದೆ ಅಣ್ಣ, ನಿಮಗೆ ಲಿಫ್ಟಿನ ಹೊಸ ಮನೆ ಪುಕ್ಕಟೆ ಸಿಗ್ತದೆ" ಎನ್ನುವ ಮಾತಿನ ಬೆಲೆ ಅದು. ಅದನ್ನು ಒರೆಗೆ ಹಚ್ಚಲು ಕೆಲವು ಪ್ರಶ್ನೆಗಳಿವೆ. ಜಾಗದ ಕನ್ವೇಯನ್ಸ್ ಸೊಸೈಟಿಯ ಹೆಸರಿಗಾಗಿದೆಯೇ? ಬಿಲ್ಡರ್ ಕೊಡದಿದ್ದರೆ ಡೀಮ್ಡ್ ಕನ್ವೇಯನ್ಸ್ ಪಡೆಯಲು 2008ರ ತಿದ್ದುಪಡಿಯಿಂದ ಅವಕಾಶವಿದ್ದರೂ ಹಳೆ ಸೊಸೈಟಿಗಳಲ್ಲಿ ಅದಿನ್ನೂ ಆಗದೆ ಉಳಿದಿರುವುದುಂಟು. 2019ರ ಜುಲೈಯ ಸರಕಾರಿ ಮಾರ್ಗಸೂಚಿಯಂತೆ ಒಟ್ಟು ಸದಸ್ಯರಲ್ಲಿ ಶೇ. 51ರಷ್ಟು ಮಂದಿಯ ಒಪ್ಪಿಗೆ ಬಂದಿದೆಯೇ? ಡೆವಲಪರ್ ಜತೆ ಒಪ್ಪಂದ ನೋಂದಣಿಯಾಗಿದೆಯೇ? ಇಲ್ಲವೆಂದಾದರೆ ಆ ಕನಸಿಗೆ ಖರೀದಿದಾರ ದುಡ್ಡು ಕೊಡಬೇಕಾಗಿಲ್ಲ. ಒಪ್ಪಂದವಾದ ಮೇಲೂ ಗೋರೆಗಾಂವ್‌ನ ಪತ್ರಾ ಚಾಳ್‌ನ 672 ಕುಟುಂಬಗಳು 2008ರ ಬಳಿಕ ದಶಕಕ್ಕೂ ಹೆಚ್ಚು ಕಾಲ ಹೊಸ ಮನೆಗಾಗಿ ಕಾದವು.

ಮನೆಯ ಬೆಲೆ 36 ಎಂದಾಯಿತು. ಕಿಸೆಯ ಬೆಲೆ ಇನ್ನೊಂದು ಲೆಕ್ಕ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲಕ್ಕೆ ಮನೆ ಬೆಲೆಯ ಶೇ. 90ರವರೆಗೆ, 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಶೇ. 80ರವರೆಗೆ ಸಿಗಬಹುದು. ಮನೆ ಬೆಲೆ ಎಂದರೆ ಎಗ್ರಿಮೆಂಟಿನ ಮೊತ್ತ ಮತ್ತು ಬ್ಯಾಂಕಿನ ವ್ಯಾಲ್ಯುಯರ್ ಹೇಳಿದ ಮೊತ್ತ ಇವೆರಡರಲ್ಲಿ ಕಡಿಮೆಯದು. ಹಳೆ ಕಟ್ಟಡಕ್ಕೆ ಇನ್ನೊಂದು ತೊಡಕು. ವ್ಯಾಲ್ಯುಯರ್ ಕಟ್ಟಡದ ಉಳಿದ ಆಯುಷ್ಯ ಬರೆಯುತ್ತಾರೆ, ಅದಕ್ಕಿಂತ ಕೆಲವು ವರ್ಷ ಮೊದಲೇ ಸಾಲ ತೀರಬೇಕೆಂದು ಬ್ಯಾಂಕುಗಳು ಅಪೇಕ್ಷಿಸುತ್ತವೆ. ಅವಧಿ ಇಳಿದರೆ ಕಂತು ಏರುತ್ತದೆ. ಶೇ. 8.5 ಬಡ್ಡಿಯಲ್ಲಿ 30 ಲಕ್ಷಕ್ಕೆ 20 ವರ್ಷದ ಕಂತು ಸುಮಾರು 26,000 ರೂ., 15 ವರ್ಷಕ್ಕೆ 29,500 ರೂ., 10 ವರ್ಷಕ್ಕೆ 37,200 ರೂ. ಹಳೆ ಮನೆ ಅಗ್ಗವೆಂದು ಕೊಂಡವರು ತಿಂಗಳ ಕಂತಿನಲ್ಲಿ ಆ ಅಗ್ಗವನ್ನು ತಿರುಗಿ ಕೊಡುವುದು ಹೀಗೆ.

ನಮ್ಮ ಉದಾಹರಣೆಯ ಕುಟುಂಬಕ್ಕೆ 15 ವರ್ಷದ 30 ಲಕ್ಷ ಸಾಲ ಸಿಗುತ್ತದೆ, ಕೈಯಲ್ಲಿ 18 ಲಕ್ಷವಿದೆ ಎಂದಿಟ್ಟುಕೊಳ್ಳೋಣ. ಒಟ್ಟು 48. ಇದರಲ್ಲಿ ಡೊಂಬಿವಲಿಯಲ್ಲಿ ಸ್ಟ್ಯಾಂಪ್ ಡ್ಯೂಟಿ ಶೇ. 7 (ಖರೀದಿದಾರರೆಲ್ಲ ಮಹಿಳೆಯರಾದರೆ ಶೇ. 1 ಕಡಿಮೆ), ನೋಂದಣಿ 30,000 ರೂ., ಬ್ರೋಕರಿಗೆ ಶೇ. 1, ಸೊಸೈಟಿಗೆ ಟ್ರಾನ್ಸ್‌ಫರ್ ಪ್ರೀಮಿಯಂ ಗರಿಷ್ಠ 25,000 ರೂ., ಮನೆ ದುರಸ್ತಿ 3 ಲಕ್ಷ, ರಿಪೇರಿ ವಂತಿಗೆ 2 ಲಕ್ಷ ಹೋಗಬೇಕು. ಆಪತ್ತಿಗೆಂದು 1 ಲಕ್ಷವಾದರೂ ಮುಟ್ಟದೆ ಇಡಬೇಕು. ಇಷ್ಟೆಲ್ಲ ಕಳೆದರೆ ಮನೆಗೆ ಕೊಡಬಹುದಾದ ಮೊತ್ತ ಸುಮಾರು 38 ಲಕ್ಷ. ಮನೆಯ ಬೆಲೆ 36, ಕಿಸೆಯ ಮಿತಿ 38. ಸ್ಟೇಷನ್ ಹತ್ತಿರ, ಮಗಳ ಕಾಲೇಜು ಹತ್ತಿರ ಎಂಬ ಮನೆಯವರ ಆಸೆಗೆ ಒಂದು ಲಕ್ಷ ಸೇರಿಸಿದರೆ ನಿಲ್ಲಬೇಕಾದ ಜಾಗ 37. ಈ ಅಂಕಿಯನ್ನು ಮಾತುಕತೆಗೆ ಹೋಗುವ ಮೊದಲೇ ಗಂಡಹೆಂಡತಿ ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಬ್ರೋಕರನ ಚಹಾಕ್ಕೆ ಕರಗುವ ಭಯವಿಲ್ಲ.

ಹಾಗಾದರೆ ಮೊದಲ ಮಾತು ಎಷ್ಟಿರಬೇಕು? 30ಕ್ಕೆ ಕೇಳಿದರೆ ಮಾಲಕ ಫೋನ್ ಎತ್ತುವುದನ್ನೇ ಬಿಡುತ್ತಾನೆ. 34ರಿಂದ ಆರಂಭಿಸಬಹುದು, ಜತೆಗೆ ಇಂಡೆಕ್ಸ್-ಟು ಪ್ರತಿ, ಕಂಟ್ರಾಕ್ಟರನ ಅಂದಾಜು, ಮಹಾಸಭೆಯ ಠರಾವು ಮೂರನ್ನೂ ಮೇಜಿನ ಮೇಲಿಡಬೇಕು. ಕೊರತೆಯನ್ನು ನಿಂದಿಸುವ ಅಗತ್ಯವಿಲ್ಲ. ಅವನೂ ಆ ಮನೆಯಲ್ಲಿ ಮಕ್ಕಳ ಮದುವೆ ಮಾಡಿದ್ದಾನೆ.

ಮಾಲಕ ಅಗತ್ಯಕ್ಕೆ ಬಿದ್ದು 34ಕ್ಕೇ ಒಪ್ಪಿದನೆನ್ನಿ, ಸಂಭ್ರಮಿಸುವ ಮೊದಲು ರೆಡಿ ರೆಕನರ್ ನೋಡಬೇಕು. ಕಟ್ಟಡದ ವಯಸ್ಸಿನ ಕಡಿತ ಕಳೆದೂ ಸರಕಾರಿ ಮೌಲ್ಯ 39 ಲಕ್ಷ ಬಂದರೆ ಸ್ಟ್ಯಾಂಪ್ ಡ್ಯೂಟಿ ತೆರಬೇಕಾದದ್ದು 39ರ ಮೇಲೆ. ಅಷ್ಟೇ ಅಲ್ಲದೆ ಕೊಂಡ ಬೆಲೆಗಿಂತ ಸರಕಾರಿ ಮೌಲ್ಯ ಶೇ. 10ಕ್ಕಿಂತ ಹೆಚ್ಚಾದರೆ ಇಡೀ ವ್ಯತ್ಯಾಸ, ಇಲ್ಲಿ 5 ಲಕ್ಷ, ಕೊಂಡವನ ಆದಾಯವೆಂದು ತೆರಿಗೆಗೆ ಒಳಪಡುತ್ತದೆ. 35.5 ಲಕ್ಷಕ್ಕೆ ಕೊಂಡರೆ ಆ ತೊಂದರೆ ಇಲ್ಲ. ಉಳಿದದ್ದನ್ನು "ಕ್ಯಾಶ್ ಕೊಡಿ" ಎಂದರೆ ಅದಕ್ಕೂ ಬಾಗಿಲು ಮುಚ್ಚಿದೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂ. ಮತ್ತು ಮೇಲ್ಪಟ್ಟು ನಗದು ಸ್ವೀಕರಿಸುವುದನ್ನು 2015ರಲ್ಲಿ ನಿರ್ಬಂಧಿಸಲಾಗಿದೆ, ದಂಡ ಪಡೆದಷ್ಟೇ ಮೊತ್ತ.

ಬೆಲೆ ಕುದುರಿದ ಮೇಲೆ ಟೋಕನ್ನು ಚೆಕ್ಕಿನಲ್ಲೇ ಕೊಟ್ಟು, ರಸೀದಿಯಲ್ಲಿ ಮೂರು ಮಾತು ಬರೆಸಿಕೊಳ್ಳಬೇಕು: ಬ್ಯಾಂಕು ಸಾಲ ಮಂಜೂರು ಮಾಡದಿದ್ದರೆ ಅಥವಾ ಕಾಗದಪತ್ರ ಸರಿಯಿಲ್ಲದಿದ್ದರೆ ಟೋಕನ್ ಪೂರ್ತಿ ವಾಪಸು, ಎಗ್ರಿಮೆಂಟಿನ ದಿನದವರೆಗಿನ ಮೆಂಟೆನೆನ್ಸ್ ಬಾಕಿ ಮಾರುವವನದು, ರಿಪೇರಿ ವಂತಿಗೆ ಕಟ್ಟುವವರು ಯಾರು. ಮೂರನೆಯದನ್ನು ಬಾಯಿಮಾತಿನಲ್ಲಿ ಬಿಟ್ಟ ಮನೆಗಳಲ್ಲಿ ಸೊಸೈಟಿಯ ಬಿಲ್ಲು ಹೊಸಬನ ಹೆಸರಿಗೇ ಬರುತ್ತದೆ.