ದೂರದಿಂದ ಕೊಳ್ಳುವವನ ನಿವೇಶನ

ಪುಣೆಯಲ್ಲಿ ದುಡಿಯುವ ನನ್ನಂಥವರು ಉಳಿತಾಯದ ಹಣದಲ್ಲಿ ಕರ್ನಾಟಕದಲ್ಲೊಂದು ಆಸ್ತಿ ಮಾಡಲು ಹೊರಟಾಗ ಮೊದಲು ವಿಚಾರಿಸುವುದು ಚದರಡಿಯ ದರವನ್ನು. ಹೊಸಪೇಟೆಯ ಸುತ್ತಮುತ್ತ ಹುಡುಕಾಡಿದ ಬಳಿಕ ನನಗೆ ಅದಕ್ಕಿಂತ ಮುಖ್ಯವೆನಿಸಿದ ಪ್ರಶ್ನೆ ಬೇರೆ: ಈ ಬೆಲೆ ಯಾವುದರ ಮೇಲೆ ನಿಂತಿದೆ? ಊರಿನಲ್ಲಿರುವವನು ಸುದ್ದಿ ಬದಲಾದ ದಿನವೇ ಎಚ್ಚೆತ್ತುಕೊಳ್ಳುತ್ತಾನೆ. ಹೊರರಾಜ್ಯದಲ್ಲಿರುವವನಿಗೆ ಆ ಅನುಕೂಲವಿಲ್ಲ.

ಹಂಪಿಯ ಆಕರ್ಷಣೆ ದೊಡ್ಡದು. ಆದರೆ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ನೆಲದಲ್ಲಿ ಬೆಲೆ ನಿಂತಿರುವುದು ಪರವಾನಗಿಯ ಮೇಲೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ; ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಹಂಪಿ ಬಜಾರಿನ ಮನೆ, ಅಂಗಡಿಗಳನ್ನು 2011ರಲ್ಲಿ ಕೆಡವಲಾಯಿತು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಬೆನ್ನಿಗೆ ವಿರೂಪಾಪುರಗಡ್ಡೆಯ ರೆಸಾರ್ಟ್‌ಗಳಿಗೂ ಅದೇ ಗತಿಯಾಯಿತು.

ಸಂಡೂರಿನ ಬೆಲೆಗೆ ಅದಿರೇ ಆಧಾರ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಲಾರಿಗಳ ಜೊತೆಗೆ ಅವನ್ನು ನಂಬಿದ್ದ ದುಡಿಮೆಯೂ ನಿಂತಿತು. ಒಂದೇ ಉದ್ಯಮವನ್ನು ನಂಬಿದ ಊರಿನಲ್ಲಿ ಬಾಡಿಗೆದಾರನೂ ಆ ಉದ್ಯಮದ ನೆರಳೇ.

ಕಂಪ್ಲಿಯ ಗದ್ದೆಗಳು ತುಂಗಭದ್ರೆಯನ್ನು ಆಶ್ರಯಿಸಿವೆ. ಕೃಷಿಕರಲ್ಲದವರಿಗೂ ಹೊಲಗದ್ದೆ ಕೊಳ್ಳುವ ದಾರಿ 2020ರ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯಿಂದ ತೆರೆಯಿತು, ನಿಜ. ಆದರೆ ಉಳುವವರು ಯಾರು? 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ರೈತರು ಪಟ್ಟ ಆತಂಕವನ್ನು ಪುಣೆಯಲ್ಲಿ ಕುಳಿತು ನಿಭಾಯಿಸಲಾಗದು.

ಹೊಸಪೇಟೆಯ ಸ್ಥಿತಿ ಭಿನ್ನ. ಇಲ್ಲಿ ರೈಲ್ವೆ ಜಂಕ್ಷನ್ ಇದೆ, ಮಾರುಕಟ್ಟೆಯಿದೆ, 2021ರಲ್ಲಿ ವಿಜಯನಗರ ಜಿಲ್ಲೆಯ ಕೇಂದ್ರವಾದ ಮೇಲೆ ಕಚೇರಿಗಳೂ ಬಂದಿವೆ. ಒಂದು ಆಧಾರ ಕುಸಿದರೂ ಮತ್ತೊಂದು ಉಳಿಯುತ್ತದೆ. ಹಾಗೆಂದು ಜಿಲ್ಲಾ ಕೇಂದ್ರದ ಹೆಸರು ಹೇಳಿ ಮಾರುವ ಬಡಾವಣೆಗಳೆಲ್ಲ ನಂಬಿಕೆಗೆ ಅರ್ಹವಲ್ಲ. ಭೂಪರಿವರ್ತನೆಯ ಆದೇಶ, ವಿನ್ಯಾಸ ನಕ್ಷೆಯ ಅನುಮೋದನೆ, ಋಣಭಾರ ಪತ್ರ ಇವುಗಳನ್ನು ವಕೀಲರೊಬ್ಬರಿಂದ ಪರಿಶೀಲಿಸಿಕೊಳ್ಳಬೇಕು. 500 ಚದರ ಮೀಟರಿಗೂ ದೊಡ್ಡದಾದ ಹೊಸ ಬಡಾವಣೆಗೆ ರೇರಾ ನೋಂದಣಿಯೂ ಇರಬೇಕು.

ಊರಾಚೆಯ ಅಗ್ಗದ ನಿವೇಶನವನ್ನು ಬಿಟ್ಟು ನಾನು ಊರೊಳಗಿನ ಚಿಕ್ಕ ಮನೆಯತ್ತ ಒಲಿದಿರುವುದು ಇದೇ ಕಾರಣಕ್ಕೆ. ಬೆಲೆ ದುಪ್ಪಟ್ಟಾಗುವ ಕನಸು ಅಲ್ಲಿ ಕಡಿಮೆ. ಆದರೆ ಬಾಡಿಗೆಗೆ ಬರುವ ಶಿಕ್ಷಕ, ಗುಮಾಸ್ತ, ಅಂಗಡಿಯವ ಇಂದೇ ಆ ಬೀದಿಯಲ್ಲಿದ್ದಾರೆ. ದೂರದಲ್ಲಿರುವವನ ಹಣಕ್ಕೆ ಅಂಥ ಕಾವಲು ಬೇಕು.