ಕಾದಂಬರಿಯ ಸ್ವಂತ ಪ್ರಕಟಣೆ: ಮೊದಲ ವರ್ಷ

ಕಾದಂಬರಿ ಬರೆದು ಮುಗಿಸಿದವರಿಗೆ ಅದನ್ನು ಅಚ್ಚಿನಲ್ಲಿ ಕಾಣುವ ಆಸೆ ಸಹಜವಾದುದು. ಪ್ರಕಾಶಕರು ಒಪ್ಪದಿದ್ದರೆ, ಅಥವಾ ಎರಡು ವರ್ಷ ಕಾಯಿರೆಂದರೆ, ತಾವೇ ಪ್ರಕಟಿಸೋಣವೆಂಬ ಯೋಚನೆ ಬರುತ್ತದೆ. ನನ್ನ ಕಾದಂಬರಿಯೊಂದನ್ನು ನಾನು ಹೀಗೆ ಹೊರತಂದು ಈಗ ಒಂದು ವರ್ಷ ತುಂಬಿತು. ಉಪಾಧ್ಯಾಯನ ಉಳಿತಾಯವೇ ಇದರ ಮೂಲಧನ. ಅದು ಕೈಗೆ ಹಿಂದಿರುಗಿದರೆ ಮಾತ್ರ ಎರಡನೆಯ ಪುಸ್ತಕ. ಆದಕಾರಣ ಈ ವ್ಯವಹಾರದ ಒಳಹೊರಗನ್ನು, ಕಂಡಷ್ಟು, ವಾಚಕರ ಮುಂದಿಡುತ್ತೇನೆ.

ನಮ್ಮ ನಾಡಿಗೆ ಇದು ಹೊಸದಲ್ಲ. ಗಳಗನಾಥರು (1869–1942) ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ನಡೆಸಿದರು. 1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿ ನಿಂತಿತು. ಓದುಗನ ವಿಳಾಸ ಮೊದಲು, ಪುಸ್ತಕ ಆಮೇಲೆ ಎಂಬ ಆ ಕ್ರಮದಲ್ಲಿ ಬಹಳ ವಿವೇಕವಿದೆ.

ಅಚ್ಚಿನ ಕೆಲಸ ಇಂದು ಸುಲಭ. ಮೊಳೆ ಜೋಡಿಸುವ ಕಾಲದಲ್ಲಿ ಸಾವಿರ ಪ್ರತಿಗಿಂತ ಕಡಿಮೆ ಹಾಕಿಸಿದರೆ ಗಿಟ್ಟುತ್ತಿರಲಿಲ್ಲ; ಈಗ ನೂರು ಪ್ರತಿಯನ್ನೂ ತೆಗೆದುಕೊಡುತ್ತಾರೆ. ಫಾರಂ ಲೆಕ್ಕದಲ್ಲಿ ಅಚ್ಚಾಗುವುದಾದರೆ ಹದಿನಾರು ಪುಟಕ್ಕೆ ಒಂದು ಫಾರಂ ಎಂಬುದು ನೆನಪಿರಲಿ. ಕಥೆ 163ನೆಯ ಪುಟಕ್ಕೆ ಬಂದು ನಿಂತರೆ, ಮೂರು ಪುಟ ಕಡಿಮೆ ಮಾಡುವುದು ಜೇಬಿಗೂ ಹಿತ, ಬಹುಪಾಲು ಕಥೆಗೂ ಹಿತ.

ಕರಡಚ್ಚನ್ನು ಮಾತ್ರ ಬರೆದವನೊಬ್ಬನೇ ನೋಡಬಾರದು. ಅವನ ಕಣ್ಣು ಕಾಗದದ ಮೇಲಿರುವುದನ್ನು ಬಿಟ್ಟು ಮನಸ್ಸಿನಲ್ಲಿರುವುದನ್ನು ಓದುತ್ತದೆ. ಕಂಪ್ಯೂಟರಿನಲ್ಲಿ ಹಳೆಯ ನುಡಿ ಲಿಪಿಯಿಂದ ಯೂನಿಕೋಡಿಗೆ ಬದಲಾಯಿಸುವಾಗ ಅರ್ಕಾವತ್ತು, ಒತ್ತಕ್ಷರಗಳು ಸ್ಥಾನ ತಪ್ಪುವುದೂ ಉಂಟು. ಒಂದು ಮಹಾಪ್ರಾಣ ಬಿದ್ದುಹೋದರೆ ಧನವಂತನಾದ ನಾಯಕ ದನವಂತನಾಗುತ್ತಾನೆ. ನಿವೃತ್ತರಾದ ಹಿರಿಯ ಪಂಡಿತರೊಬ್ಬರು ನನ್ನ ಕರಡನ್ನು ಎರಡು ಸಲ ತಿದ್ದಿಕೊಟ್ಟರು. ಈ ಕೆಲಸಕ್ಕೆ ಹಣ ಕೊಡಬೇಕಾಗಿ ಬಂದರೂ ಕೊಡತಕ್ಕದ್ದೇ. ಮುಖಪುಟದ ಬಣ್ಣದಲ್ಲಿ ಬೇಕಾದರೆ ಉಳಿಸಿರಿ.

ಇನ್ನು ಲೆಕ್ಕ. ಮುನ್ನೂರು ಪ್ರತಿ, ಪ್ರತಿಯೊಂದಕ್ಕೆ ತಗಲಿದ ವೆಚ್ಚ 90 ರೂಪಾಯಿ, ಮುಖಬೆಲೆ 180 ಎಂದಿಟ್ಟುಕೊಳ್ಳೋಣ. ಅರ್ಧಕ್ಕರ್ಧ ಲಾಭವೆಂದು ತೋರುತ್ತದಲ್ಲವೆ? ಅಂಗಡಿಯವರು ಮೂರನೆಯ ಒಂದು ಪಾಲು ರಿಯಾಯಿತಿ ಕೇಳಿದರೆ 60 ಅಲ್ಲಿಗೆ ಹೋಯಿತು. ನಮಗೆ ಮಿಕ್ಕುವುದು 30. ಅಂಚೆ, ಬಸ್ಸು, ಕಟ್ಟುವ ಹಗ್ಗ ಎಲ್ಲವೂ ಅದರೊಳಗೇ. ಈಗ ನೆಂಟರಿಗೆ, ಸ್ನೇಹಿತರಿಗೆ, ಸಭೆಯ ಗಣ್ಯರಿಗೆ ಐವತ್ತು ಗೌರವ ಪ್ರತಿ ಹಂಚಿದಿರೆನ್ನಿ. 4,500 ರೂಪಾಯಿ ಆಯಿತು. ಅದನ್ನು ತುಂಬಲು ಅಂಗಡಿಯಲ್ಲಿ ನೂರೈವತ್ತು ಪ್ರತಿ ಮಾರಾಟವಾಗಬೇಕು! ಬಿಟ್ಟಿ ಸಿಕ್ಕ ಪುಸ್ತಕವನ್ನು ಓದುವವರು ವಿರಳವೆಂಬುದು ಬೇರೆ ಮಾತು. ಅದೇ ಪ್ರತಿಯನ್ನು ನೇರವಾಗಿ ಓದುಗನ ಕೈಗೆ 150ಕ್ಕೆ ಕೊಟ್ಟರೂ 60 ಉಳಿಯುತ್ತದೆ, ಅವನಿಗೂ ಅಗ್ಗ. ಗಳಗನಾಥರು ಗಂಟು ಹೊತ್ತದ್ದು ಸುಮ್ಮನೆ ಅಲ್ಲ.

ಅಂಗಡಿಗಳನ್ನು ದೂರುವುದು ನನ್ನ ಉದ್ದೇಶವಲ್ಲ. ಅವರಿಗೂ ಬಾಡಿಗೆ ಉಂಟು. ಆದರೆ ಉದ್ರಿ ಕೊಟ್ಟ ಪ್ರತಿಗಳಿಗೆ ರಸೀತಿ ಪಡೆದು, ಲೆಕ್ಕ ತೀರಿಸುವ ತಿಂಗಳನ್ನು ಅದರಲ್ಲೇ ಬರೆಸಿಕೊಳ್ಳಬೇಕು. ಒಂದು ಊರಿನ ಅಂಗಡಿಯಿಂದ ಇಪ್ಪತ್ತು ಪ್ರತಿಗಳ ಹಣ ನನಗೆ ಹತ್ತನೆಯ ತಿಂಗಳಲ್ಲಿ ಬಂದಿತು, ಅದೂ ರಸೀತಿ ತೋರಿಸಿದ ಮೇಲೆ. ಸರ್ಕಾರಿ ಗ್ರಂಥಾಲಯಗಳಿಗೆ ಆಯ್ಕೆಯಾದರೆ ಸಂತೋಷ. ಆಗಿಯೇ ಆಗುವುದೆಂದು ನಂಬಿ ಹೆಚ್ಚು ಪ್ರತಿ ಹಾಕಿಸುವುದು ಬೇಡ.

ಕಾಯಿದೆಯ ಎರಡು ಮಾತು. ಐ.ಎಸ್.ಬಿ.ಎನ್. ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಶುಲ್ಕವಿಲ್ಲದೆ ಕೊಡುತ್ತದೆ. ಮಧ್ಯವರ್ತಿಗೆ ಹಣ ತೆರಬೇಕಾಗಿಲ್ಲ. 1954ರ ಕಾನೂನಿನಂತೆ, ಪ್ರಕಟವಾದ ಮೂವತ್ತು ದಿನಗಳೊಳಗೆ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಗೊತ್ತುಪಡಿಸಿದ ಇತರ ಗ್ರಂಥಾಲಯಗಳಿಗೂ ಪ್ರಕಾಶಕನು ಸ್ವಂತ ಖರ್ಚಿನಲ್ಲಿ ಪ್ರತಿ ಕಳುಹಿಸತಕ್ಕದ್ದು. ಗೌರವ ಪ್ರತಿಗಳಲ್ಲಿ ನಿಜವಾದ ಗೌರವ ಇವಕ್ಕೇ ಸಲ್ಲಬೇಕು. ನಮ್ಮ ಮನೆಯ ಕಪಾಟಿಗೆ ಗೆದ್ದಲು ಹಿಡಿದ ಮೇಲೂ ಅಲ್ಲಿ ಒಂದು ಪ್ರತಿ ಉಳಿದೀತು.

ನನ್ನ ಮುನ್ನೂರರಲ್ಲಿ ನಲವತ್ತೊಂದು ಪ್ರತಿಗಳು ಇನ್ನೂ ಉಳಿದಿವೆ. ಹಾಕಿದ ಹಣ ಬಂದಿದೆ, ಮೇಲೆ ಅಲ್ಪಸ್ವಲ್ಪ. ಕೊಂಡವರ ಹೆಸರು, ವಿಳಾಸಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದೇನೆ: ನೂರಹದಿನೇಳು ಮಂದಿ. ಎರಡನೆಯ ಕಾದಂಬರಿಯ ಪ್ರಕಟಣೆಗೆ ಮುಂಚೆ ಇವರಿಗೆಲ್ಲ ಒಂದೊಂದು ಕಾಗದ ಬರೆಯುವವನಿದ್ದೇನೆ.