ಜೀರ್ಣವಸ್ತ್ರಕ್ಕೊಂದು ಮರುಬಾಳು

ಬಟ್ಟೆಯ ಹುಟ್ಟನ್ನು ಹೇಳಲು ಕನ್ನಡದಲ್ಲಿ ಎರಡು ಕ್ರಿಯಾಪದಗಳಿವೆ: ನೇಯುವುದು ಮತ್ತು ಹೆಣೆಯುವುದು. ಮಗ್ಗದಲ್ಲಿ ಉದ್ದಕ್ಕೆ ಹಾಸನ್ನು ಬಿಗಿದು ಅಡ್ಡಲಾಗಿ ಹೊಕ್ಕನ್ನು ಸೇರಿಸಿದರೆ ಅದು ನೇಯ್ಗೆ. ಸೀರೆ, ಧೋತರ, ಪಂಚೆಗಳು ಹೀಗೆ ಹುಟ್ಟಿದವು. ಎಳೆಯನ್ನು ಕುಣಿಕೆಯೊಳಗೆ ಕುಣಿಕೆಯಾಗಿ ಕೋದುಕೊಂಡು ಹೋದರೆ ಅದು ಹೆಣಿಗೆ. ಇಂಗ್ಲೆಂಡಿನ ವಿಲಿಯಂ ಲೀ ಎಂಬಾತನು 1589ರಲ್ಲಿ ಕಾಲುಚೀಲ ಹೆಣೆಯುವ ಯಂತ್ರವನ್ನು ರೂಪಿಸಿದ ಮೇಲೆ ಈ ಕೈಗೆಲಸವು ಯಂತ್ರದ ಪಾಲಾಗುತ್ತ ಬಂದಿತು. ಇಂದು ಆಬಾಲವೃದ್ಧರೂ ತೊಡುವ ಟೀ ಷರ್ಟು, ಬನಿಯನ್ನುಗಳು ಈ ಎರಡನೆಯ ವರ್ಗಕ್ಕೆ ಸೇರಿದವು. ಈ ಭೇದವನ್ನು ಅರಿತರೆ ಹಳೆಯ ಬಟ್ಟೆಯ ಸದುಪಯೋಗದ ದಾರಿ ತಾನಾಗಿಯೇ ತೆರೆದುಕೊಳ್ಳುತ್ತದೆ.

ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಜೀರ್ಣವಾದ ಸೀರೆ ಧೋತರಗಳನ್ನು ಎಸೆಯುವ ರೂಢಿ ಇರಲಿಲ್ಲ. ಅವನ್ನು ಪದರುಪದರಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಹಚ್ಚಿ, ಸಾಲುಸಾಲಾಗಿ ಹೊಲಿಗೆ ಹಾಕಿ ಕೌದಿ ಮಾಡುತ್ತಿದ್ದರು. ತೊಟ್ಟಿಲ ಕೂಸಿಗೂ ಮುಪ್ಪಿನ ಮೈಗೂ ಅದೇ ಮೆತ್ತನೆಯ ಆಸರೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಮಹಿಳೆಯರ ಕೌದಿಯಂತೂ ಅಂಚಿನಿಂದ ಆರಂಭವಾಗಿ ನಡುವಿನತ್ತ ಸಾಗುವ ತನ್ನ ಹೊಲಿಗೆಯಿಂದ ದೂರದ ಕಲಾಸಕ್ತರ ಮೆಚ್ಚುಗೆಯನ್ನೂ ಗಳಿಸಿದೆ.

ಈಗ ಅನೇಕ ಮನೆಗಳಲ್ಲಿ ಆ ಕೈಗಳು ಸುಮ್ಮನೆ ಕುಳಿತಿವೆ. ಇದಕ್ಕೆ ಇಂದಿನವರ ಸೋಮಾರಿತನವೇ ಕಾರಣವೆಂದು ದೂರುವುದು ನ್ಯಾಯವಲ್ಲ. ಬಟ್ಟೆಯೇ ಬದಲಾಗಿದೆ. ಹೆಣೆದ ಬಟ್ಟೆಯು ಎಳೆದತ್ತ ಹಿಗ್ಗುತ್ತದೆ. ಸೂಜಿಗೆ ನೆಟ್ಟಗೆ ನಿಲ್ಲದು. ಕೌದಿಯ ಸಾಲು ಸೊಟ್ಟಗಾಗುತ್ತದೆ. ಆದ್ದರಿಂದ ಅಜ್ಜಿಯ ವಿದ್ಯೆಗೆ ಮೊಮ್ಮಗನ ಅಂಗಿ ಒದಗದೆ, ಒಂದೆರಡು ಸಲ ನೆಲ ಒರೆಸಿಕೊಂಡು ಕಸದ ಬುಟ್ಟಿ ಸೇರುತ್ತದೆ. ಒಂದು ಹತ್ತಿಯ ಟೀ ಷರ್ಟು ಸಿದ್ಧವಾಗಲು, ಹತ್ತಿ ಬೆಳೆಯುವುದು ಮೊದಲ್ಗೊಂಡು, ಸುಮಾರು 2,700 ಲೀಟರ್ ನೀರು ವ್ಯಯವಾಗುತ್ತದೆಂಬುದು ಪರಿಸರತಜ್ಞರು ಮತ್ತೆ ಮತ್ತೆ ಉಲ್ಲೇಖಿಸುವ ಅಂದಾಜು. ಅಷ್ಟು ನೀರು ಕುಡಿದ ವಸ್ತುವನ್ನು ಇಷ್ಟು ಬೇಗ ಕೈಬಿಡುವುದು ಉಚಿತವೇ?

ಕೌದಿಗೆ ಒಲ್ಲದ ಗುಣವೇ ಇನ್ನೊಂದು ಕೆಲಸಕ್ಕೆ ವರವಾಗಿದೆ. ನೇಯ್ದ ಬಟ್ಟೆಯನ್ನು ಪಟ್ಟಿಯಾಗಿ ಕತ್ತರಿಸಿದರೆ ಅಂಚಿನ ಎಳೆಗಳು ಬಿಚ್ಚುತ್ತವೆ. ಟೀ ಷರ್ಟಿನ ಬಟ್ಟೆಯನ್ನು ಅಡ್ಡಲಾಗಿ ಪಟ್ಟಿ ಮಾಡಿ ಎಳೆದರೆ ಅಂಚುಗಳು ಒಳಕ್ಕೆ ಸುರುಳಿಗೊಂಡು, ಪಟ್ಟಿಯು ದುಂಡನೆಯ ದಪ್ಪ ನೂಲಾಗುತ್ತದೆ. ಚರಕವೂ ಬೇಡ, ಕದಿರೂ ಬೇಡ. ಹರಿತವಾದ ಒಂದು ಕತ್ತರಿ ಸಾಕು.

ಕತ್ತರಿಸುವ ಕ್ರಮ

ಒಗೆದು ಒಣಗಿಸಿದ ಅಂಗಿಯನ್ನು ನೆಲದ ಮೇಲೆ ಸಮನಾಗಿ ಹಾಸಬೇಕು. ಪಕ್ಕದಲ್ಲಿ ಹೊಲಿಗೆಯಿಲ್ಲದ ಅಂಗಿಯಾದರೆ ಉತ್ತಮ. ಹೊಲಿಗೆಯಿದ್ದಲ್ಲಿ ನೂಲಿನಲ್ಲಿ ಗಂಟುಗಂಟು ಕಾಣುತ್ತದೆ. ಕೆಳಗಿನ ಮಡಿಕೆಯಂಚನ್ನು ತೆಗೆದು, ಒಂದು ಕಂಕುಳಿನಿಂದ ಇನ್ನೊಂದು ಕಂಕುಳಿಗೆ ನೇರವಾಗಿ ಕತ್ತರಿಸಿದರೆ ಕೊಳವೆಯಂತಹ ನಡುಭಾಗ ಉಳಿಯುತ್ತದೆ. ಅದರ ಎಡಮಗ್ಗುಲನ್ನು ಬಲಕ್ಕೆ ಮಡಿಸಬೇಕು. ಆದರೆ ಬಲದ ಅಂಚಿನಲ್ಲಿ ಮೂರು ಸೆಂಟಿಮೀಟರಿನಷ್ಟು ಹೊರಗೆ ಉಳಿಯಲಿ. ಈಗ ಎಡಗಡೆಯ ಮಡಿಕೆಯಿಂದ ಬಲಕ್ಕೆ, ಎರಡೂವರೆ ಸೆಂಟಿಮೀಟರಿಗೊಂದರಂತೆ ಕತ್ತರಿಸುತ್ತ ಹೋಗಬೇಕು. ಕತ್ತರಿಯು ಮೇಲಿನ ಮಡಿಕೆಯನ್ನು ದಾಟಲಿ. ಬಲದ ಅಂಚನ್ನು ಮಾತ್ರ ಮುಟ್ಟದಿರಲಿ.

ಬಳಿಕ ಆ ಕತ್ತರಿಸದ ಬೆನ್ನನ್ನು ಬಿಡಿಸಿ ಹರಡಬೇಕು. ಇಲ್ಲಿಯೇ ಜಾಣ್ಮೆಯಿದೆ. ಎದುರುಬದುರಾದ ಸೀಳುಗಳನ್ನು ನೇರವಾಗಿ ಕೂಡಿಸಿ ಕತ್ತರಿಸಿದರೆ ಬಿಡಿಬಿಡಿ ಬಳೆಗಳಾಗುತ್ತವೆ. ಮೊದಲು ಕೆಳತುದಿಯಿಂದ ಎದುರಿನ ಮೊದಲನೆಯ ಸೀಳಿಗೆ ಓರೆಯಾಗಿ ಕತ್ತರಿಸಿ, ಅನಂತರ ಈಚೆಯ ಮೊದಲನೆಯದರಿಂದ ಆಚೆಯ ಎರಡನೆಯದಕ್ಕೆ, ಈಚೆಯ ಎರಡನೆಯದರಿಂದ ಆಚೆಯ ಮೂರನೆಯದಕ್ಕೆ ಸಾಗಿದರೆ ಇಡೀ ಅಂಗಿ ಒಂದೇ ಅಖಂಡ ಪಟ್ಟಿಯಾಗುತ್ತದೆ. ಅದನ್ನು ಮೊಳಮೊಳವಾಗಿ ಮೆಲ್ಲನೆ ಎಳೆದು ಉಂಡೆ ಸುತ್ತಬೇಕು.

ಲೆಕ್ಕ ಸರಳವಾಗಿದೆ. ಸುತ್ತಳತೆ ಒಂದು ಮೀಟರ್, ಎತ್ತರ 40 ಸೆಂಟಿಮೀಟರ್ ಇದ್ದರೆ 16 ಸುತ್ತುಗಳು, ಅಂದರೆ 16 ಮೀಟರ್ ಪಟ್ಟಿ ದೊರೆಯುತ್ತದೆ. ಎಳೆದಾಗ ಇನ್ನಷ್ಟು ಉದ್ದವಾಗುತ್ತದೆ. ಇನ್ನೊಂದು ಅಂಗಿಯ ಪಟ್ಟಿಯನ್ನು ಜೋಡಿಸಲು ಗಂಟು ಬೇಡ. ಎರಡರ ತುದಿಗಳಲ್ಲಿಯೂ ಚಿಕ್ಕ ಸೀಳು ಮಾಡಿ, ಹೊಸ ಪಟ್ಟಿಯ ಸೀಳಿದ ತುದಿಯನ್ನು ಹಳೆಯದರ ಸೀಳಿನಲ್ಲಿ ತೂರಿಸಿ, ಹೊಸದರ ಬಾಲವನ್ನು ಅದರದೇ ಸೀಳಿನೊಳಗೆ ಎಳೆದರೆ ಸಾಕು.

ಉಪಯೋಗಗಳು

ಕ್ರೋಶಾ ಬಲ್ಲವರು ಹತ್ತು ಹನ್ನೆರಡು ಮಿಲಿಮೀಟರ್ ದಪ್ಪದ ಕಡ್ಡಿಯಿಂದ ಕಾಲೊರಸು, ಬುಟ್ಟಿ, ಕೈಚೀಲಗಳನ್ನು ಹೆಣೆಯಬಹುದು. ಸಾಧಾರಣ ಗಾತ್ರದ ಕಾಲೊರಸಿಗೆ ಐದಾರು ಅಂಗಿಗಳು ಬೇಕಾದಾವು. ಕ್ರೋಶಾ ಬಾರದವರು ಮೂರು ಎಳೆಗಳನ್ನು ಜಡೆಯಂತೆ ಹೆಣೆದು, ಸುರುಳಿ ಸುತ್ತಿ, ಸೂಜಿದಾರದಿಂದ ಹೊಲಿಯಲಿ. ಜಡೆ ಹಾಕುವುದು ಮಕ್ಕಳ ಪಾಲಿಗಿರಲಿ, ಹೊಲಿಗೆ ಅಜ್ಜಿಯ ಪಾಲಿಗೆ. ಕೌದಿ ಹೊಲಿದ ಕೈಗೆ ಇದು ಅಪರಿಚಿತವಾದ ಕೆಲಸವಲ್ಲ.

ಎರಡು ಎಚ್ಚರಿಕೆಗಳು ಅವಶ್ಯ. ಬಿಸಿ ಪಾತ್ರೆಯ ಕೆಳಗೆ ಇಡುವ ಚಾಪೆಗೆ ಅಪ್ಪಟ ಹತ್ತಿಯ ಬಟ್ಟೆಯನ್ನೇ ಬಳಸಬೇಕು. ಪಾಲಿಯೆಸ್ಟರ್ ಶಾಖಕ್ಕೆ ಕರಗುತ್ತದೆ. ಹಿರಿಯರು ಒಂದೆರಡು ಎಳೆಗಳನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿದರೆ ಭೇದ ತಿಳಿಯುತ್ತದೆ. ಹತ್ತಿಯು ಕಾಗದ ಸುಟ್ಟ ವಾಸನೆ ಬೀರಿ ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡನೆಯದು, ತೊಡಲು ಯೋಗ್ಯವಾದ ಅಂಗಿಗೆ ಕತ್ತರಿ ಹಾಕಬಾರದು. ಅದು ಇನ್ನೊಬ್ಬರ ಮೈ ಮುಚ್ಚಲಿ. ಹರಿದುದನ್ನು ದಾನವೆಂದು ಬಡವರ ಕೈಗಿಡದೆ, ಅದನ್ನು ನಮ್ಮ ಮನೆಯಲ್ಲಿಯೇ ನೂಲಾಗಿಸೋಣ.

ಬರುವ ರಜೆಯಲ್ಲಿ ಮಕ್ಕಳು ಮನೆಯಲ್ಲಿರುವಾಗ ಒಂದು ಹಳೆಯ ಅಂಗಿಯಿಂದ ಇದನ್ನು ಆರಂಭಿಸಬಹುದು. ಮೊದಲ ಪಟ್ಟಿ ಅಗಲ ಕಿರಿದಾದರೂ ಚಿಂತೆಯಿಲ್ಲ. ಎಳೆದಾಗ ಆ ಹೆಚ್ಚುಕಡಿಮೆಯೆಲ್ಲ ಸುರುಳಿಯೊಳಗೆ ಅಡಗಿಹೋಗುತ್ತದೆ.